ಎರಡು ದಡ, ಒಂದು ಕೊಪ್ಪರಿಗೆ

ಸೋಮವಾರ ಇಬ್ಬನಿ ಹೆಪ್ಪುಗಟ್ಟುತ್ತದೆ ಎಂದು ರೇಡಿಯೋದವರು ಹೇಳಿದ್ದೇ ತಡ, ಆಲ್ಟಮೀಸ್ ದೊಡ್ಡಮ್ಮನ ಹಿತ್ತಿಲ ಕಬ್ಬೆಲ್ಲ ಚಳಿಗೆ ಕೆಡುವ ಮೊದಲೇ ಕತ್ತಿಗೆ ಸಿಕ್ಕಿ ನೆಲ ಕಂಡಿತು. ನವೆಂಬರಿನ ಆ ಶನಿವಾರ ಬೆಳಕು ಹರಿಯುವ ಹೊತ್ತಿಗೆ ಗಾಣ ತಿರುಗುತ್ತಿತ್ತು. ಅವಳ ಅಪ್ಪನ ಕಾಲದಲ್ಲಿ ಹೇಸರಗತ್ತೆ ಸುತ್ತು ಹಾಕುತ್ತಿದ್ದ ಜಾಗದಲ್ಲಿ ಈಗ ಹಳೇ ಟ್ರ್ಯಾಕ್ಟರೊಂದು ನಿಂತು ಗುಟುರು ಹಾಕುತ್ತಿತ್ತು. ಮಿಕ್ಕದ್ದೆಲ್ಲ ಹಾಗೇ ಇತ್ತು. ಕಬ್ಬಿನ ಹಾಲು ಗೋಣಿಬಟ್ಟೆಯಲ್ಲಿ ಸೋಸಿಕೊಂಡು ಕೊಪ್ಪರಿಗೆಗೆ ಇಳಿಯುತ್ತಿತ್ತು. ಕೆಳಗೆ ಪೈನ್ ಸೌದೆ ಚಟಪಟ ಉರಿಯುತ್ತಿತ್ತು. ದಕ್ಷಿಣ ಜಾರ್ಜಿಯಾದ ಆ ಮೂಲೆಯಲ್ಲಿ ಈಗಲೂ ಕಬ್ಬಿನ ಹಾಲನ್ನು ಜೋನಿಬೆಲ್ಲದಂಥ ಪಾಕವಾಗಿ ಕಾಯಿಸುವ ಮನೆ ಇದೊಂದೇ.

ಜಾರ್ವಿಸ್ ಜಾಲರಿ ಸೌಟು ಹಿಡಿದು ಕೊಳೆ ತೆಗೆಯುತ್ತಿದ್ದ. ವಾರವಿಡೀ ಶಾಲೆಯ ಬಸ್ಸು ಓಡಿಸುವವನು ಅವನು, ಆಲ್ಟಮೀಸಳ ತಂಗಿಯ ಮಗ. ಅವನಿಗೆ ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ಪಾಕ ಇಳಿಸುವ ಹೊತ್ತನ್ನು ಹೇಳುತ್ತಿದ್ದವಳು ಇಷ್ಟು ವರ್ಷ ದೊಡ್ಡಮ್ಮ. ಈಗ ಅವಳಿಗೆ ಮಂಡಿನೋವು, ಕಣ್ಣಿಗೆ ಪೊರೆ. ಹೋದ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದಿದ್ದಳು: "ಈ ಸಲ ಜಾರ್ವಿಸ್ ಇಳಿಸ್ತಾನೆ. ಸರಿ ಬಂತೋ, ಕೊಪ್ಪರಿಗೆ ಅವನದು. ಕೆಟ್ಟಿತೋ, ಪೇಟೆಯವನೊಬ್ಬ ಮನೆ ಮುಂದೆ ಹೂಗಿಡ ಇಡೋಕೆ ಕೇಳ್ತಾ ಇದಾನೆ, ಅವನಿಗೆ ಕೊಟ್ಬಿಡ್ತೀನಿ."

ಅಜ್ಜನ ಕೊಪ್ಪರಿಗೆಯಲ್ಲಿ ಹೂಗಿಡ! ಅದನ್ನು ನೆನೆದಾಗಲೆಲ್ಲ ಜಾರ್ವಿಸ್ ಇನ್ನಷ್ಟು ಬಿರುಸಾಗಿ ಕೊಳೆ ತೆಗೆಯುತ್ತಿದ್ದ.

ಅವನೊಳಗೆ ಒಂದು ಗುಟ್ಟಿತ್ತು. ಪಾಕದ ಹದ ಕಣ್ಣಿನಲ್ಲಿ ಗೊತ್ತಾಗುತ್ತದೆಂದು ಅವನಿಗೆ ನಂಬಿಕೆಯೇ ಇರಲಿಲ್ಲ. ಅವನು ಹದ ಕಲಿತದ್ದು 'ಎರಡು ದಡ'ದಿಂದ. ಅವನು ಹೈಸ್ಕೂಲಿನಲ್ಲಿದ್ದಾಗ ಅದೇ ಸೀಮೆಯ ಇಬ್ಬರು ಹುಡುಗರು ಮಾಡಿದ್ದ ರ‍್ಯಾಪ್ ಆಲ್ಬಮ್ ಅದು. ಒಂದು ಡಿಸ್ಕು ನದಿಯ ಈಚೆ ದಡದ ಕಥೆ, ಇನ್ನೊಂದು ಆಚೆ ದಡದ್ದು. ಅದು ಬಂದ ವರ್ಷದಿಂದ ಆ ಹಿತ್ತಿಲಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಕೊಳೆಯೆಲ್ಲ ತೆಗೆದು ಹಾಲು ತಿಳಿಯಾದ ಮೇಲೆ ಪಿಕಪ್ ಟ್ರಕ್ಕಿನ ಬಾಗಿಲು ತೆರೆದು ಮೊದಲ ಡಿಸ್ಕು ಹಾಕುವುದು, ಎರಡನೆಯದು ಮುಗಿಯುವವರೆಗೂ ಯಾರೂ ಅದನ್ನು ಮುಟ್ಟದಿರುವುದು. ಎರಡನೇ ಡಿಸ್ಕಿನ ಕೊನೆಕೊನೆಗೆ ಚರ್ಚಿನ ಆರ್ಗನ್ ನುಡಿಯುವ ಒಂದು ನಿಧಾನದ ಹಾಡು ಬರುತ್ತದೆ. ವರ್ಷ ವರ್ಷವೂ ಆ ಹಾಡಿಗೂ ದೊಡ್ಡಮ್ಮ "ಬೆಂಕಿ ಎಳೀರೋ" ಎನ್ನುವುದಕ್ಕೂ ಸರಿ ಹೊಂದುತ್ತಿತ್ತು. ಸೌದೆ ಅದೇ, ಕೊಪ್ಪರಿಗೆ ಅದೇ, ಹಾಲಿನ ಅಳತೆ ಅದೇ. ಜಾರ್ವಿಸ್ ಕೊಪ್ಪರಿಗೆ ನೋಡುವುದನ್ನು ಬಿಟ್ಟು ಹಾಡು ಕೇಳುವುದನ್ನು ರೂಢಿ ಮಾಡಿಕೊಂಡಿದ್ದ.

"ಟ್ರಕ್ಕಿನ ಪ್ಲೇಯರ್ರು ಡಿಸ್ಕನ್ನ ಒಳಗೇ ನುಂಗಿ ಕೂತಿದೆ ಕಣೋ," ಎನ್ನುತ್ತ ರಾಡ್ರಿಕ್ ಬಂದ. ಅವನು ಇನ್ನೊಬ್ಬ ತಂಗಿಯ ಮಗ, ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸ. "ಯೋಚನೆ ಮಾಡ್ಬೇಡ, ನನ್ನ ಫೋನಿನಿಂದ ಟ್ರಕ್ಕಿನ ಸ್ಪೀಕರಿಗೆ ಹಾಕ್ತೀನಿ."

"ಪೂರ್ತಿ ಇದೆಯೇನೋ?"

"ಪೂರ್ತಿ ಕೇಳೋಕೆ ಅದರಲ್ಲಿ ಏನಿದೆ ಅಂತ? ಎರಡು ಡಿಸ್ಕಿನದನ್ನ ಒಂದಕ್ಕೆ ಇಳಿಸಿದ್ದಿದ್ರೆ ಲೋಕವೇ ಕೈ ಮುಗೀತಿತ್ತು. ಅರ್ಧ ಬರೀ ಹರಟೆ. ಒಬ್ಬ ಬಾಗಿಲು ತಟ್ಟೋದು, ಇನ್ನೊಬ್ಬ ನಗೋದು, ಯಾವುದೋ ಮುದುಕಿ ಫೋನಿನಲ್ಲಿ ಬೈಯೋದು. ಅದೂ ಹಾಡಾ?"

"ಒಂದು ಕೆಮ್ಮು ತೆಗೆದ್ರೂ ಅದು 'ಎರಡು ದಡ' ಅಲ್ಲ."

"ತೆಗೆದ್ರೆ ನಿಂಗೆ ಗೊತ್ತೂ ಆಗಲ್ಲ."

"ನಿದ್ದೆಯಲ್ಲಿದ್ರೂ ಗೊತ್ತಾಗತ್ತೆ."

"ಹಾಗಾದ್ರೆ ಪಂಥ. ಗೊತ್ತಾಗದಿದ್ರೆ ಕೊಪ್ಪರಿಗೆ ತೊಳೆಯೋದು ನೀನು."

"ಗೊತ್ತಾದ್ರೆ ನೀನು. ಹೋಗಿ ಸೌದೆ ತಾ ಮೊದಲು."

ಇಪ್ಪತ್ತೈದು ವರ್ಷದಿಂದ ನಡೆಯುತ್ತಿದ್ದ ಜಗಳ ಅದು. ಪಂಥವೂ ಹೊಸದಲ್ಲ. ಜಾರ್ವಿಸ್ ಅದನ್ನು ಆಗಲೇ ಮರೆತ. ಚರ್ಚಿನ ಹಿರಿಯ ಲೂಷಸ್ ಒಲೆಯ ಬಾಯಲ್ಲಿ ಕುಕ್ಕರುಗಾಲಲ್ಲಿ ಕೂತು ಸೌದೆ ಸರಿಸುತ್ತಿದ್ದವನು ತಲೆ ಎತ್ತಿದ. "ನನ್ನ ಕೇಳಿದ್ರೆ ಇಬ್ಬರದೂ ತಪ್ಪು. ಎರಡೂ ಬೇಡ, ಒಂದೂ ಬೇಡ. ಸುಮ್ನೆ ಇರೋದೇ ಚೆಂದ."

"ನಿಮ್ಮ ಪ್ರಾರ್ಥನೆಗೂ ಅದೇ ಮಾತು ಹೇಳ್ಬಹುದು ಲೂಷಸ್ ಮಾವ," ಎಂದ ರಾಡ್ರಿಕ್. "ಹೋದ ವಾರ ಅದು ಮುಗಿದು ನೀವು ಕಣ್ಣು ಬಿಡೋ ಹೊತ್ತಿಗೆ ನನ್ನ ಮನೇಲಿ ಹುರಿದ ಕೋಳಿ ತಣ್ಣಗಾಗಿತ್ತು."

ಮುದುಕ ಸೌದೆಯ ಚೂರೊಂದನ್ನು ಅವನ ಕಾಲಿಗೆ ಎಸೆದ.

ಹಾಲು ತಿಳಿಯಾಯಿತು. ಮೊದಲ ಹಾಡಿನ ದಪ್ಪ ಸದ್ದಿಗೆ ಟ್ರಕ್ಕಿನ ನಂಬರು ಹಲಗೆ ನಡುಗಿತು. ನೆರೆಯವರು ಒಬ್ಬೊಬ್ಬರಾಗಿ ಬಂದರು, ಕಾಗದದ ಲೋಟದಲ್ಲಿ ಕಬ್ಬಿನ ಹಾಲು ಕುಡಿದರು, ಹುರಿದ ಮೀನು ತಿಂದರು, ಹಬೆಯೊಳಗೆ ಮುಖವಿಟ್ಟು ಜಾರ್ವಿಸನಿಗೆ ಬಿಟ್ಟಿ ಸಲಹೆ ಕೊಟ್ಟರು. ಆಲ್ಟಮೀಸ್ ಪೆಕನ್ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಮಡಿಲ ಮೇಲೆ ಕಂಬಳಿ ಹರಡಿ, ಕಣ್ಣು ಮುಚ್ಚಿ ಕೂತಿದ್ದಳು. ರಾಡ್ರಿಕ್ ಅವತ್ತು ಎಂದಿಗಿಂತ ಹೆಚ್ಚು ಮಾತಾಡುತ್ತಿದ್ದ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಹೊತ್ತಿಗೆ ಸರಿಯಾಗಿ ಬಂದು, ಬಸ್ಸಿನ ಟೈರು ಹೇಗಿದೆ, ಶಾಲೆಯ ಮೇಷ್ಟ್ರು ಯಾಕೆ ಬಂದಿಲ್ಲ ಎಂದು ಏನಾದರೊಂದು ಕೇಳುತ್ತಿದ್ದ. ಜಾರ್ವಿಸ್ ಉತ್ತರ ಕೊಡುತ್ತ, ಸೌಟು ಆಡಿಸುತ್ತ, ಬೆವರು ಒರೆಸಿಕೊಳ್ಳುತ್ತ ನಡೆದ.

ಅಷ್ಟರಲ್ಲಿ ಆರ್ಗನ್ ನುಡಿಯಿತು.

ಸೋಸುವ ಬಟ್ಟೆ ಹಿಡಿದು ಇಬ್ಬರು ಮುಂದೆ ಬಂದರು. ಹೆಂಗಸರು ಗಾಜಿನ ಜಾಡಿಗಳ ಮುಚ್ಚಳ ತೆಗೆದರು. ಬೆಂಕಿ ಎಳೆಯುವ ಕೋಲು ಹಿಡಿದು ಲೂಷಸ್ ಎದ್ದು ನಿಂತ. ಒಮ್ಮೆ ಕೆಂಡ ಹೊರಗೆಳೆದರೆ ಮುಗಿಯಿತು, ಕೊಪ್ಪರಿಗೆ ಮತ್ತೆ ಅದೇ ಕಾವಿಗೆ ಏರುವುದಿಲ್ಲ. ಎಲ್ಲರೂ ಜಾರ್ವಿಸನ ಬಾಯನ್ನೇ ನೋಡುತ್ತಿದ್ದರು.

ಬಾಯಿ ತೆರೆದವನು ಯಾಕೋ ಸೌಟನ್ನು ಒಮ್ಮೆ ಎತ್ತಿ ನೋಡಿದ. ಅಂಚಿನಿಂದ ಹನಿಗಳು ಒಂದರ ಹಿಂದೊಂದು ಅವಸರದಲ್ಲಿ ಉದುರಿದವು. ಎರಡು ಹನಿ ಕೂಡಿ ಹಾಳೆಯಂತೆ ಇಳಿಯಬೇಕು, ಅದು ಆಗಲಿಲ್ಲ. ಕೊಪ್ಪರಿಗೆಯೊಳಗೆ ದೊಡ್ಡ ದೊಡ್ಡ ಗುಳ್ಳೆ ಎದ್ದು ನೀರಿನ ಹಾಗೆ ಒಡೆಯುತ್ತಿದ್ದವು. ಹದ ಬಂದಾಗ ಅವು ಸಣ್ಣಗಾಗಿ, ಕಪ್ಪೆಯ ಕಣ್ಣಿನಂತೆ ಮಿನುಗುತ್ತ ಒತ್ತೊತ್ತಾಗಿ ಕೂರುತ್ತವೆ. ಅವನಿಗೆ ಅದು ಗೊತ್ತಿತ್ತು. ಗೊತ್ತಿದೆ ಎಂಬುದು ಗೊತ್ತಿರಲಿಲ್ಲ, ಅಷ್ಟೇ.

ಬೆಂಕಿ ಎಳೆಯಿರಿ ಎಂದು ಕಿವಿ ಹೇಳುತ್ತಿದೆ, ಬೇಡ ಎಂದು ಕಣ್ಣು ಹೇಳುತ್ತಿದೆ. ಈಗ ಇಳಿಸಿದರೆ ಕ್ರಿಸ್‌ಮಸ್ಸಿಗೆ ಎಲ್ಲರ ಮನೆಯಲ್ಲೂ ಪಾಕ ಹುಳಿ ಬರುತ್ತದೆ. ಬಿಟ್ಟು ಹೊತ್ತು ಮೀರಿದರೆ ಕಲ್ಲಾಗುತ್ತದೆ. ಎರಡರಲ್ಲಿ ಯಾವುದಾದರೂ ಕೊಪ್ಪರಿಗೆಗೆ ಹೂಗಿಡವೇ ಗತಿ.

"ಹಾಡು ಬಂತಲ್ಲೋ, ಎಳೀಲಾ?" ಎಂದ ಲೂಷಸ್. ಅಂದರೆ ಹಾಡಿನ ಗುಟ್ಟು ಜಾರ್ವಿಸನೊಬ್ಬನದೇ ಆಗಿರಲಿಲ್ಲ.

"ಬೇಡ ಮಾವ," ಎಂದ ಜಾರ್ವಿಸ್. ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಸೌದೆ ಹಾಕಿ. ಆಗಿಲ್ಲ ಇನ್ನೂ."

"ಹಾಡು?"

"ಹಾಡು ಸುಳ್ಳು ಹೇಳ್ತಾ ಇದೆ."

ಟ್ರಕ್ಕಿಗೆ ಒರಗಿ ನಗು ತಡೆದುಕೊಂಡಿದ್ದ ರಾಡ್ರಿಕನ ಮುಖ ಸಪ್ಪಗಾಯಿತು. ಪೆಕನ್ ಮರದ ಕೆಳಗಿನಿಂದ ದೊಡ್ಡಮ್ಮ ಕಣ್ಣು ತೆರೆಯದೆಯೇ ಕೇಳಿದಳು: "ಅಲ್ವೋ, ಆ ಮುದುಕಿ ಎಲ್ಲಿಗೆ ಹೋದಳು ಇವತ್ತು? ಆಗಿನಿಂದ ಕಾಯ್ತಾ ಇದೀನಿ."

"ಯಾವ ಮುದುಕಿ ದೊಡ್ಡಮ್ಮ?"

"ಫೋನಿನಲ್ಲಿ ಬೈತಾಳಲ್ಲ, 'ನನ್ನ ಪಾತ್ರೆ ತಗೊಂಡು ಹೋದವಳು ವಾಪಸ್ ತಂದಿಲ್ಲ' ಅಂತ. ಇಡೀ ಆಲ್ಬಮ್ಮಿನಲ್ಲಿ ಬುದ್ಧಿ ಇರೋ ಮಾತಾಡೋಳು ಅವಳೊಬ್ಬಳೇ. ಮಿಕ್ಕದ್ದನ್ನೆಲ್ಲ ಅವಳಿಗೋಸ್ಕರ ಸಹಿಸ್ಕೊಂಡಿರ್ತೀನಿ ನಾನು."

ಎಲ್ಲರ ಕಣ್ಣೂ ರಾಡ್ರಿಕನ ಕಡೆ ತಿರುಗಿತು.

"ಒಂಬತ್ತೇ ಒಂಬತ್ತು ತುಣುಕು ತೆಗೆದೆ," ಎಂದ ಅವನು, ಟೋಪಿ ತಿರುಗಿಸುತ್ತ. "ಯಾರೂ ಗುರುತು ಹಿಡಿಯಲ್ಲ ಅಂದ್ಕೊಂಡೆ. ಇವನು ಅದರ ಲೆಕ್ಕದಲ್ಲಿ ಪಾಕ ಕಾಯಿಸ್ತಾನೆ ಅಂತ ನಂಗೇನು ಕನಸು ಬಿದ್ದಿತ್ತಾ!"

"ಒಂಬತ್ತು! ಇನ್ನೂ ಅರ್ಧ ಗಂಟೆ ಬೇಕು ಈ ಕೊಪ್ಪರಿಗೆಗೆ!" ಎಂದ ಜಾರ್ವಿಸ್.

"ಹಾಗಿದ್ರೆ ತೆಗೆದದ್ದನ್ನೆಲ್ಲ ಈಗ ಹಾಕೋ," ಎಂದಳು ದೊಡ್ಡಮ್ಮ. "ಕೆಲಸಕ್ಕೆ ಬಾರದ್ದು ಅಂದೆಯಲ್ಲ, ಕೆಲಸ ಮಾಡ್ತವೋ ಇಲ್ವೋ ನೋಡೋಣ."

ಟ್ರಕ್ಕಿನೊಳಗಿಂದ ಬಾಗಿಲು ತಟ್ಟಿದ ಸದ್ದು ಬಂತು. ಯಾರೋ ನಕ್ಕರು. ಮಳೆಯ ಸದ್ದಿರುವ ಒಂದು ಉದ್ದನೆಯ ಹಾಡು ಬಂತು. ಅದು ಬರುವಾಗ ಮಾತಾಡಿಕೊಳ್ಳುವುದು, ಹೊಸ ಸೌದೆ ತರುವುದು, ಲೋಟ ತುಂಬಿಸಿಕೊಳ್ಳುವುದು ವರ್ಷವರ್ಷದ ರೂಢಿ. ಈಗಲೂ ಹಾಗೇ ಆಯಿತು. ಜಾರ್ವಿಸ್ ಮಾತ್ರ ಕೊಪ್ಪರಿಗೆಯಿಂದ ಕಣ್ಣು ಕೀಳಲಿಲ್ಲ. ಗುಳ್ಳೆಗಳು ಕುಗ್ಗಿದವು, ಬಣ್ಣ ಜೇನಿನದಾಗಿ, ಜೇನಿಗಿಂತ ಕೆಂಪಾಯಿತು. ಮುದುಕಿ ಪಾತ್ರೆಯ ಸುದ್ದಿ ಎತ್ತಿ, "ಮುಚ್ಚಳವನ್ನಾದರೂ ಕೊಡೇ" ಎಂದು ಗದರುತ್ತಿದ್ದಾಗ ಸೌಟಿನ ಅಂಚಿನಲ್ಲಿ ಎರಡು ಹನಿ ಒಂದನ್ನೊಂದು ಮುಟ್ಟಿ, ಕೂಡಿ, ಹಾಳೆಯಾಗಿ ಇಳಿದವು.

"ಎಳೀರಿ ಬೆಂಕಿ!"

ತಣಿದ ಪಾಕದ ತಟ್ಟೆಯನ್ನು ದೊಡ್ಡಮ್ಮನ ಮುಂದೆ ಹಿಡಿದರು. ಅವಳು ಮೆಕ್ಕೆಜೋಳದ ಬ್ರೆಡ್ಡಿನ ಚೂರು ಅದ್ದಿ ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು, ಇನ್ನೊಂದು ಚೂರು ಮುರಿದಳು.

"ಆ ಪೇಟೆಯವನಿಗೆ ಹೇಳಿಬಿಡು," ಎಂದಳು ಕೊನೆಗೆ, "ಹೂಗಿಡ ಬಕೆಟ್ಟಿನಲ್ಲಿ ಇಟ್ಕೊಳ್ಳಲಿ."

ಹಿತ್ತಿಲೆಲ್ಲ ಕೇಕೆ ಹಾಕಿತು. ಜಾಡಿಗಳು ತುಂಬಿ ಮನೆಮನೆಗೆ ಹೊರಟ ಮೇಲೆ ಪಂಥದ ಮಾತು ಬಂತು.

"ನೀನೆಲ್ಲಿ ಗುರುತು ಹಿಡಿದೆ? ಕೊಪ್ಪರಿಗೆ ಹಿಡೀತು," ಎಂದ ರಾಡ್ರಿಕ್.

ಜಾರ್ವಿಸ್ ಸೌಟನ್ನು ತೊಳೆದು ಪಕ್ಕಕ್ಕಿಟ್ಟ. "ನಿಜ ಹೇಳ್ಬೇಕಂದ್ರೆ ನನ್ನ ಕಿವಿಗೆ ಗೊತ್ತಾಗ್ಲಿಲ್ಲ ಕಣೋ."

"ನೋಡಿದ್ರಾ! ಒಂದು ಡಿಸ್ಕು ಸಾಕಿತ್ತು ಅಂತ ಆಯ್ತಲ್ಲ!"

"ಕೇಳೋನಿಗೆ ಸಾಕೇನೋ. ಕಾಯಿಸೋನಿಗೆ ಸಾಲಲ್ಲ." ಅವನು ತೆಂಗಿನ ನಾರಿನ ಬ್ರಷ್ಷನ್ನು ಚಾಚಿದ. "ಕೊಪ್ಪರಿಗೆ ಈಗ ನನ್ನದು. ಅದು ಗೆದ್ದರೆ ನಾನು ಗೆದ್ದ ಹಾಗೆ. ತಿಕ್ಕು."

ರಾಡ್ರಿಕ್ ಲೂಷಸನ ಕಡೆ ನೋಡಿದ. ಲೂಷಸ್ ಆಕಾಶ ನೋಡಿದ. ದೊಡ್ಡಮ್ಮನ ಕಡೆ ನೋಡುವ ಧೈರ್ಯ ಬರಲಿಲ್ಲ. ಬಿಸಿನೀರು ಸುರಿದು, ಅಂಗಿಯ ತೋಳು ಮಡಚಿ, ರಾಡ್ರಿಕ್ ಸೊಂಟದವರೆಗೆ ಕೊಪ್ಪರಿಗೆಯೊಳಗೆ ಬಗ್ಗಿದ. ತಳಕ್ಕೆ ಹತ್ತಿದ ಪಾಕ ಕರಕಲಾಗಿ ಕಚ್ಚಿಕೊಂಡಿತ್ತು. ಸ್ವಲ್ಪ ತಿಕ್ಕಿದ, ನೀರು ಸುರಿದ, ಮತ್ತೆ ತಿಕ್ಕಿದ. ಟ್ರಕ್ಕಿನಲ್ಲಿ ಅವನೇ ಮಾಡಿದ್ದ ಚಿಕ್ಕ ಆಲ್ಬಮ್ ಇನ್ನೊಮ್ಮೆ ಮೊದಲಿಂದ ಓಡುತ್ತಿತ್ತು. ಅದು ಮುಗಿಯಿತು. ಕೊಪ್ಪರಿಗೆ ಮುಗಿದಿರಲಿಲ್ಲ.

ಒಳಗಿನಿಂದ ಅವನ ದನಿ ಗುಡಾಣದೊಳಗಿನ ದನಿಯ ಹಾಗೆ ಬಂತು.

"ಜಾರ್ವಿಸ್!"

"ಏನೋ?"

"ಪೂರ್ತಿದು ಹಾಕು ಮಾರಾಯ."