ಎದುರುಬದುರು ಕಪಾಳ

ಆ ಕಲ್ಲಿದ್ದಲ ಗಣಿಯೂರಿನ ಶಾಲೆಗೆ ಪ್ಯೋ ಹೆಡ್‌ಮೇಷ್ಟ್ರಾಗಿ ಬಂದಾಗ ಕೊರಿಯಾವನ್ನು ಸೈನ್ಯ ಆಳುತ್ತಿತ್ತು. ಅವನೂ ಸೈನ್ಯದಿಂದಲೇ ಬಂದವನು. ಮಕ್ಕಳ ಅಂಕ ಕುಸಿದರೆ ಮೇಷ್ಟ್ರ ಮೊಣಕಾಲಿಗೆ ಬೂಟುಗಾಲಿನ ಒದೆ. ಒದೆ ತಿಂದವರು ತರಗತಿಗೆ ಹೋಗಿ ಬೆತ್ತ ಎತ್ತುತ್ತಿದ್ದರು. ಪಾಠದ ಮೇಲೆ ಯಾರಿಗೂ ಮನಸ್ಸಿರಲಿಲ್ಲ, ಗಂಟೆ ಬಾರಿಸಿದರೆ ಸಾಕಾಗಿತ್ತು. ಇದನ್ನು ಪ್ಯೋ ಕರ್ತವ್ಯನಿಷ್ಠೆ ಎನ್ನುತ್ತಿದ್ದ, ಅವನ ತಲೆ!

ಸುನ್‌ಮೊ ಮಾತ್ರ ಬೆತ್ತ ಮುಟ್ಟಿದವನಲ್ಲ. ಅವನಿಗೆ ಲೆಕ್ಕ ಕಲಿಸಿ, ಇದೇ ಶಾಲೆಗೆ ಮೇಷ್ಟ್ರಾಗಿ ಸೇರಿಸಿದ್ದ ವಯಸ್ಸಾದ ಗಿಲ್ ಮೇಷ್ಟ್ರೂ ಅಷ್ಟೆ. ಶಾಲೆ ಬಿಟ್ಟ ಮೇಲೂ ಇಬ್ಬರೂ ದಡ್ಡ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಆದರೂ ಆ ಸಲದ ಪರೀಕ್ಷೆಯಲ್ಲಿ ಅವರಿಬ್ಬರ ತರಗತಿಗಳೇ ತಳ ಕಂಡವು.

ಮೇಷ್ಟ್ರುಗಳ ಬೆಳಗಿನ ಸಭೆಯಲ್ಲಿ ಪ್ಯೋ ಇಬ್ಬರನ್ನೂ ಚಳಿಗೆ ಹೊತ್ತಿಸಿದ್ದ ಒಲೆಯ ಪಕ್ಕ ಎದುರುಬದುರು ನಿಲ್ಲಿಸಿದ. ಬ್ಯಾರಕ್ಕಿನಲ್ಲಿ ಹೊಸಬರಿಗೆ ಕೊಡುವ ಶಿಕ್ಷೆ ಅದು: ಒಬ್ಬರ ಕಪಾಳಕ್ಕೆ ಇನ್ನೊಬ್ಬರು, ಸರದಿಯ ಮೇಲೆ.

"ನಾನು ಸಾಕು ಅನ್ನೋವರೆಗೂ ಹೊಡೀಬೇಕು," ಎಂದ. "ಸುಮ್ನೆ ಸವರಿದ್ರೋ, ಇಬ್ರೂ ಮನೆಗೆ."

ಸುನ್‌ಮೊ ಕೈ ಎತ್ತಲಾರದೆ ನಿಂತ. ಗುರುವಿನ ಎದುರು ಕುಡಿಯುವಾಗಲೂ ಮರ್ಯಾದೆಗೆಂದು ಮುಖ ಆಚೆ ತಿರುಗಿಸುವವನು ಅವನು.

"ಹೊಡಿಯಪ್ಪಾ," ಗಿಲ್ ಪಿಸುಗುಟ್ಟಿದರು. "ಬೇಗ ಮುಗೀಲಿ."

"ನನ್ ಕೈಲಾಗಲ್ಲ ಮೇಷ್ಟ್ರೇ."

ಮುದುಕರೇ ಮೊದಲು ಬಾರಿಸಿದರು, ಜೋರಾಗಿ. ಜೋರಾಗಿ ಹೊಡೆದರೆ ಪ್ಯೋ ಬೇಗ ಬಿಟ್ಟಾನೆಂಬ ಎಣಿಕೆ ಅವರದು. ಅಲ್ಲೇ ಅವರು ಎಡವಿದ್ದು. ಸುನ್‌ಮೊನ ಕಿವಿ ಗುಂಯ್ ಎಂದಿತು. ಅವನು ಮೆಲ್ಲಗೆ ತಿರುಗಿಸಿ ಕೊಟ್ಟ. ಅವರು ಮತ್ತೆ ಜೋರಾಗಿ ಕೊಟ್ಟರು. ಅವನ ತುಟಿ ಒಡೆದು ನಾಲಿಗೆಗೆ ರಕ್ತ ತಾಗಿತು. ಪ್ಯೋನ ಮೇಲೆ ಇಷ್ಟು ಕಾಲ ನುಂಗಿಕೊಂಡಿದ್ದ ಸಿಟ್ಟೆಲ್ಲ ಅಂಗೈಗೆ ಇಳಿಯಿತು. ಬೀಸಿ ಹೊಡೆದ. ಮುದುಕರ ಕನ್ನಡಕ ಹಾರಿ ಒಲೆಗೆ ಬಡಿಯಿತು. ಸರದಿ ಬಿಟ್ಟು ಮತ್ತೆ ಹೊಡೆದ, ಮತ್ತೆ. ಗಿಲ್ ಮೇಷ್ಟ್ರ ಮೂಗಿನಿಂದ ಸುರಿದ ರಕ್ತಕ್ಕೆ ಅಂಗಿಯೆಲ್ಲ ಕೆಂಪಾಯಿತು. ಉಳಿದ ಮೇಷ್ಟ್ರುಗಳು ತಲೆ ತಗ್ಗಿಸಿ ಕೂತೇ ಇದ್ದರು, ಹೇಡಿಗಳು.

"ಸಾಕು," ಎಂದ ಪ್ಯೋ.

ಸುನ್‌ಮೊಗೆ ಅದು ಚೆನ್ನಾಗಿಯೇ ಕೇಳಿಸಿತು. ಆದರೂ ಇನ್ನೊಂದು ಬಿಗಿದ. ಮುದುಕರು ನೆಲಕ್ಕುರುಳಿದರು, ಬಾಯಿಂದ ಹಲ್ಲೊಂದು ಹೊರಗೆ ಬಿತ್ತು.

"ಈಗ ದಾರಿಗೆ ಬಂದೆ ನೋಡು!" ಪ್ಯೋ ಅವನ ಬೆನ್ನು ತಟ್ಟಿದ. "ಇದೇ ಕೈ ತಗೊಂಡು ಕ್ಲಾಸಿಗೆ ಹೋಗು."

ಸುನ್‌ಮೊ ಮಂಡಿಯೂರಿ ಅವರನ್ನು ಎಬ್ಬಿಸಲು ಹೋದ. "ತಪ್ಪಾಯ್ತು ಮೇಷ್ಟ್ರೇ. ಅವ್ನು ಹೊಡೆಸ್ದ, ಅದಕ್ಕೇ..."

ಗಿಲ್ ಅವನ ಕೈಯನ್ನು ಮೆಲ್ಲಗೆ ಸರಿಸಿದರು.

"ಹೌದಪ್ಪಾ, ಅವನ್ನೆಲ್ಲ ಅವ್ನೇ ಹೊಡೆಸಿದ್ದು," ಎಂದರು. "ಕೊನೇದು ಮಾತ್ರ ನಿಂದು."