ಬೆರಳು ಆಡಿದ ಹೆಸರು

ಮನಶ್ಶಾಸ್ತ್ರ ಕಲಿಸುವ ಲಲಿತಾ ಮೇಡಂ ಅವರ ಬೆವರು ಅಳೆಯುವ ಯಂತ್ರಕ್ಕೆ ಬೆರಳು ಕೊಡಲು ಕೊಪ್ಪಳದ ಆ ಕಾಲೇಜಿನಲ್ಲಿ ಒಬ್ಬರೂ ಸಿಗಲಿಲ್ಲ. ಕರೆಂಟು ಹೊಡೆಯುತ್ತದೆಂದು ಹುಡುಗರೆಲ್ಲ ಕಂಬಿ ಕಿತ್ತರು, ಭಾರೀ ಧೈರ್ಯವಂತರು! ಕೊನೆಗೆ ಕಸ ಗುಡಿಸುವ ಅಮರಮ್ಮ ಕುಳಿತಳು. ಗಿಣಿಗೇರಾದ ಮನೆಗೆ ಬೇಗ ಹೋಗಿ ಅವಳು ಮಾಡುವುದಾದರೂ ಏನಿತ್ತು? ಗಂಡ ತೀರಿಹೋಗಿ ವರ್ಷಗಳೇ ಆಗಿದ್ದವು. ಅತ್ತೆಯೂ ಹೋದ ವರ್ಷ ಕಣ್ಣು ಮುಚ್ಚಿದ್ದಳು. ಈಗ ಅವಳೊಬ್ಬಳೇ.

ಆಟವೇನೋ ಸುಲಭದ್ದು. ಹೆಸರು ಬರೆದ ಐದು ಚೀಟಿಗಳಲ್ಲಿ ಒಂದನ್ನು ಎತ್ತಿ, ಓದಿ, ಮುಷ್ಟಿಯಲ್ಲಿ ಬಚ್ಚಿಡಬೇಕು. ಮೇಡಂ ಐದೂ ಹೆಸರುಗಳನ್ನು ಮತ್ತೆ ಮತ್ತೆ ಕರೆಯುತ್ತಾರೆ. ಬಾಯಿ ಸುಮ್ಮನಿದ್ದರೂ ಬಚ್ಚಿಟ್ಟ ಹೆಸರಿಗೆ ಬೆರಳು ಬೆವರುತ್ತದೆ, ಪರದೆಯ ಮೇಲೆ ಗೆರೆ ಏಳುತ್ತದೆ.

ಫಾರೂಕ, ಉಮಾಪತಿ, ಕೊಟ್ರೇಶ, ವಿರುಪಾಕ್ಷಿ, ಪಕ್ಕೀರಪ್ಪ. ಸುತ್ತು ಕಳೆದಂತೆ ಉಳಿದ ಹೆಸರುಗಳಿಗೆ ಗೆರೆ ಮಲಗಿಬಿಟ್ಟಿತು. ಒಂದಕ್ಕೆ ಮಾತ್ರ ಪ್ರತಿ ಸಲವೂ ಎದ್ದಿತು.

"ಸಿಕ್ತು! ನಿಮ್ಮ ಚೀಟಿಯಾಗ ವಿರುಪಾಕ್ಷಿ ಅಂತ ಐತಿ," ಎಂದು ಮೇಡಂ ಹಿಗ್ಗಿದರು.

ಅಮರಮ್ಮ ಮುಷ್ಟಿ ಬಿಚ್ಚಿದಳು. ಕೊಟ್ರೇಶ.

ಮೇಡಂ ಮುಖ ಸಪ್ಪಗಾಯಿತು. "ಹಂಗಾದ್ರ ವಿರುಪಾಕ್ಷಿ ಯಾರು?"

"ನಮ್ಮ ಮನಿಯವರ್ರಿ."

ಗಂಡನ ಹೆಸರನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಆಡಿದವಳಲ್ಲ. ಅವರ ಮನೆತನದ ಸೊಸೆಯರು ಯಾರೂ ಆಡುತ್ತಿರಲಿಲ್ಲ. ಅತ್ತೆ ಇರುವ ತನಕ ಮಗನ ಫೋಟೋ ಮುಂದೆ ಹೆಸರು ಹಿಡಿದು ಅಳುತ್ತಿದ್ದಳು, ಇವಳು ಕೇಳುತ್ತಿದ್ದಳು. ಅತ್ತೆ ಹೋದ ಮೇಲೆ ಆ ಹೆಸರು ಕರೆಯುವವರೇ ಇಲ್ಲವಾಗಿದ್ದರು.

"ಇನ್ನೊಮ್ಮೆ ಅನ್ರಿ ಮೇಡಂ."

ಮೇಡಂ ಅಂದರು. ಗೆರೆ ಎದ್ದಿತು. ಮತ್ತೆ ಅಂದರು, ತುಸು ಕಡಿಮೆ ಎದ್ದಿತು. ಮತ್ತೂ ಅಂದಾಗ ಇನ್ನೂ ಕಡಿಮೆ.

"ಯಾಕ್ರಿ ಸಣ್ಣದಾತು?"

"ಒಂದ ಸವನ ಕೇಳಿದ್ರ ಮೈಗೆ ರೂಢಿ ಆಗತೈತಿ ಅಮರಮ್ಮ. ಆಮ್ಯಾಲೆ ಏಳೂದ ಇಲ್ಲ. ನಡುವ ಬಿಡುವು ಕೊಟ್ರ ಮತ್ತ ಏಳತೈತಿ."

"ಸಾಕ್ರಿ! ಅದನ್ನ ಮುಗಿಸಬ್ಯಾಡ್ರಿ," ಎಂದು ಬೆರಳಿನ ವೈರು ಕಿತ್ತು ಎದ್ದೇಬಿಟ್ಟಳು.

ಸಂಜೆ ಗಿಣಿಗೇರಾದಲ್ಲಿ ಬಸ್ಸಿಳಿದು ಮನೆಗೆ ಬಂದು, ದೀಪ ಹಚ್ಚಿ ಫೋಟೋ ಮುಂದೆ ಕುಳಿತಳು. ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಆದರೂ ನಾಚಿಕೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕೊನೆಗೂ ಅಂದಳು.

"ವಿರುಪಾಕ್ಷಿ."

ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ನೋಡಿದಳು. ಒದ್ದೆಯಾಗಿದ್ದವು. ಇನ್ನೊಮ್ಮೆ ಕರೆಯಲು ಜೀವ ಒದ್ದಾಡಿತು. ಕರೆಯಲಿಲ್ಲ. ನಾಳೆಗೂ ಬೇಕಲ್ಲ.