ಮಿಲ್ಲಿನಮ್ಮನ ಮುಖ

ಬೆಳ್ಳಿ ಕರಡಿಗೆಯ ಮೇಲೆ ಬೆಳಕು ಕೂತಿದೆ, ಸರಿಯಾಗಿಯೇ ಕೂತಿದೆ, ಕೊರಳಿಂದ ಇಳಿದ ಲಿಂಗದ ದಾರವೂ ಸರಿ, ಇಳಕಲ್ ಸೀರೆಯ ಕೆಂಪು ಸೆರಗೂ ಸರಿ, ಕುರ್ಚಿಯ ತೋಳಿನ ಕೆತ್ತನೆಯಂತೂ ಮುಟ್ಟಿ ನೋಡಬೇಕು ಅನ್ನುವಷ್ಟು ಸರಿ, ಮುಖ ಮಾತ್ರ ಇಲ್ಲ — ಮೂಗಿದೆ, ಕಣ್ಣಿದೆ, ಹಣೆಯ ಮೇಲೆ ವಿಭೂತಿಯಿದೆ, ಮುಖ ಇಲ್ಲ, ವಸೀಮಾ ಕುಂಚದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕ್ಯಾನ್ವಾಸಿನಿಂದ ಎದುರಿಗೆ, ಎದುರಿನಿಂದ ಕ್ಯಾನ್ವಾಸಿಗೆ ನೋಡುತ್ತಾಳೆ, ಎದುರಿಗೆ ಕೂತ ವೀರಭದ್ರಮ್ಮನಿಗೂ ಮುಖವಿಲ್ಲ, ಸಿಂಧನೂರಿನ ಅರ್ಧ ಬಜಾರು ಹೆದರುವ ಮಿಲ್ಲಿನಮ್ಮ ಇಲ್ಲಿ ಕುರ್ಚಿಗೆ ಕಟ್ಟಿ ಕೂರಿಸಿದ ಹಾಗೆ ಕೂತಿದ್ದಾರೆ, ತುಟಿ ಬಿಗಿದು, ಕಣ್ಣು ಗೋಡೆಗೆ ನೆಟ್ಟು. ಗೋಡೆಯ ಮೇಲೆ ಅವರ ಗಂಡ, ಮಾವ, ಮಾವನ ಅಣ್ಣ, ಎಲ್ಲರೂ ಗಂಧದ ಹಾರ ಹಾಕಿಕೊಂಡು ಸಾಲಾಗಿದ್ದಾರೆ, ಮೊದಲ ದಿನವೇ ಕೇಳಿರಲಿಲ್ಲವೇ ವೀರಭದ್ರಮ್ಮ, ಗ್ವಾಡಿ ಏರಿದವರು ಯಾರರ ಇಳದು ಬಂದಾರೇನ ಬೇ, ಅಂತ — ವಸೀಮಾ ಆಗ ನಕ್ಕಿದ್ದಳು, ಅವರು ನಕ್ಕಿರಲಿಲ್ಲ.

ಹೊಸ ಆಫೀಸಿನಲ್ಲಿ ತಾಯಿಯ ಚಿತ್ರ ಇರಬೇಕು ಎಂದು ಹಟ ಹಿಡಿದವನು ಮಗ ಸಿದ್ದಲಿಂಗೇಶ, ದೇವಿ ಕುಂತಂಗ ಕಾಣಬೇಕು ನೋಡ್ರಿ ವಸೀಮಾ, ಆಗಲಿಲ್ಲಂದ್ರ ಮೊದ್ಲ ಹೇಳ್ರಿ, ರಾಯಚೂರಾಗ ಫೋಟೋ ಕೊಟ್ರ ಕಂಪ್ಯೂಟರಿನಾಗ ಪೇಂಟಿಂಗ್ ಮಾಡಿ ಕೊಡ್ತಾರ. ಆಗತೈತ್ರಿ ಅಣ್ಣಾರ ಎಂದುಬಿಟ್ಟಿದ್ದಳು, ಆಗುತ್ತದೋ ಇಲ್ಲವೋ ಗೊತ್ತಿಲ್ಲದೆ, ಯಾಕೆಂದರೆ ಇಷ್ಟು ವರ್ಷ ಮಸ್ಕಿಯಿಂದ ಬಸ್ಸು ಹತ್ತಿ ಬಂದು ಈ ಮನೆಗೆ ಅವಳು ಬರೆದುಕೊಟ್ಟದ್ದೆಲ್ಲ ಬೇರೆಯೇ — ಅಕ್ಕಿ ಚೀಲದ ಮೇಲಿನ ಪಾರಿವಾಳ ಅವಳದು, ಗೇಟಿನ ಕಬ್ಬಿಣದ ಬಳ್ಳಿ ಅವಳದು, ಮನೆಮಗಳು ರೂಪಾಳ ಮದುವೆಯ ಮಂಟಪ, ಕುಪ್ಪಸದ ಬೆನ್ನಿನ ನವಿಲು, ಬೆಳ್ಳಿ ತಟ್ಟೆಯ ಅಂಚು, ಎಲ್ಲ ಅವಳದು, ಆದರೆ ಈ ಮನೆಯ ಒಂದು ಮುಖವನ್ನೂ ಅವಳ ಕೈಗೆ ಕೊಟ್ಟಿರಲಿಲ್ಲ ಯಾರೂ. ಕಲಬುರಗಿಯ ಕಾಲೇಜಿನಲ್ಲಿ ಮೇಷ್ಟ್ರು ತೋರಿಸಿದ್ದ ಆ ದಪ್ಪ ಪುಸ್ತಕ, ನೂರಾರು ವರ್ಷದ ಹಿಂದೆ ಯೂರೋಪಿನ ಒಬ್ಬ ಆಸ್ಥಾನದ ಚಿತ್ರಗಾರ, ರಾಜ ರಾಣಿಯರ ಮುಖ ಬರೆದವನೇ ಅವರ ಕತ್ತಿಯ ಹಿಡಿಗೆ, ಬಂಗಾರದ ಬಟ್ಟಲಿಗೆ, ಉತ್ಸವದ ಬಾಗಿಲಿಗೆ ನಕ್ಷೆ ಹಾಕುತ್ತಿದ್ದನಂತೆ, ಅವನ ಹಾಗೇ ನಾನೂ ಅಲ್ಲವಾ ಎಂದು ಬಸ್ಸಿನ ಕಿಟಕಿಯಲ್ಲಿ ಕೂತು ಎಷ್ಟು ಸಲ ಅಂದುಕೊಂಡಿದ್ದಾಳೆ, ಬಟ್ಟಲಾಯಿತು, ಬಾಗಿಲಾಯಿತು, ಮುಖ ಯಾವಾಗ — ಈಗ ಮುಖ ಬಂದಿದೆ, ಬಂದು ಎದುರಿಗೆ ಕೂತಿದೆ, ಮುಚ್ಚಿಕೊಂಡು.

ಅಮ್ಮಾರ, ಸ್ವಲ್ಪ ಆರಾಮಾಗಿ ಕುಂದರ್ರಿ. ಆರಾಮ ಅದೀನಿ ಬೇ, ನೀ ಬರಿ. ಮತ್ತೆ ಅದೇ ಬಿಗಿ, ಈ ಬಿಗಿ ತನಗೆ ಗೊತ್ತು, ಎಲ್ಲೋ ನೋಡಿದ್ದು — ಪಡಿತರ ಚೀಟಿಯಲ್ಲಿ, ಅಮ್ಮಿ ಮಾಬುಬೀಯ ಆ ಒಂದೇ ಒಂದು ಫೋಟೋದಲ್ಲಿ, ಅಮ್ಮಿ ಹೋದ ಮೇಲೆ ಅದನ್ನೇ ನೋಡಿ ನೋಡಿ ಬರೆಯಲು ಕೂತಾಗ ಪ್ರತಿಸಲವೂ ಯಾರೋ ಹೆದರಿದ ಹೆಂಗಸು ಬರುತ್ತಿದ್ದಳು, ಅಮ್ಮಿ ಬರುತ್ತಿರಲಿಲ್ಲ, ಆಮೇಲೆ ಬರೆಯುವುದನ್ನೇ ಬಿಟ್ಟಳು. ಕೆಳಗೆ ಅಕ್ಕಿ ಮಿಲ್ಲು ಓಡುತ್ತಿದೆ, ನೆಲ ಸಣ್ಣಗೆ ನಡುಗುತ್ತದೆ, ಟರ್ಪಂಟೈನ್ ಬಟ್ಟಲಿನಲ್ಲಿ ಅಲೆ ಏಳುತ್ತದೆ, ಹೊಟ್ಟಿನ ಧೂಳು ಕಿಟಕಿಯ ಬಿಸಿಲಿನಲ್ಲಿ ತೇಲುತ್ತದೆ — ಥಟ್ಟನೆ ಮಿಲ್ಲಿನ ಸದ್ದು ಬದಲಾಯಿತು, ವಸೀಮಾಳಿಗೆ ಗೊತ್ತೇ ಆಗದಷ್ಟು ಸ್ವಲ್ಪ, ವೀರಭದ್ರಮ್ಮನ ಕತ್ತು ಮಾತ್ರ ಕಿಟಕಿಯತ್ತ ತಿರುಗಿತು, ಕೊರಳ ನರ ಹುರಿಯಾಯಿತು, ಹುಬ್ಬು ಮೇಲೇರಿತು, ಬಾಯಿ ತೆರೆಯಿತು, ಇನ್ನೂ ದನಿ ಬಂದಿಲ್ಲ, ಬರಲಿದೆ, ಆ ಒಂದು ಗಳಿಗೆ, ಇಡೀ ಮಿಲ್ಲು, ಇಡೀ ಮನೆ ಆ ತೆರೆದ ಬಾಯಿಯ ತುದಿಯಲ್ಲಿ ನಿಂತಿದೆ — ಏ ಶಾವಲಿ, ಬೆಲ್ಟ್ ಜಾರಾಕತ್ತೈತಿ, ಕಿವಿ ಎಲ್ಲಿ ಇಟ್ಟಿಯಲೇ! ಎದ್ದೇ ಬಿಟ್ಟರು, ಕುರ್ಚಿ ಹಿಂದಕ್ಕೆ ಸರಿಯಿತು, ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಬೈಯುತ್ತಿದ್ದಾರೆ, ಮೆಕ್ಯಾನಿಕ್ ಶಾವಲಿ ಕೆಳಗಿನಿಂದ ಆತ್ರೀ ಅಮ್ಮಾರ ಆತ್ರೀ ಎನ್ನುತ್ತಿದ್ದಾನೆ, ವಸೀಮಾ ಒಂದೇ ಉಸಿರಿನಲ್ಲಿ ಚಿಂದಿಯನ್ನು ಟರ್ಪಂಟೈನಿನಲ್ಲಿ ಅದ್ದಿ ಇಷ್ಟು ದಿನ ಬರೆದ ಮುಖವನ್ನು ಒರೆಸಿಹಾಕಿದಳು, ಹೋಯಿತಲ್ಲ, ಹೋಗಲಿ, ತೆಳು ಕುಂಚ ಕೈಗೆ ಬಂತು, ಕಂದು ಬಣ್ಣದಲ್ಲಿ ಗೆರೆ ಓಡಿತು, ತಿರುಗಿದ ಕತ್ತು, ಎದ್ದ ಹುಬ್ಬು, ಬಾಯಿ, ಬಾಯಿ ಸಿಗಬೇಕು ಮೊದಲು, ಕೆಳತುಟಿ ಎಷ್ಟು ಮುಂದಕ್ಕೆ — ಅಷ್ಟರಲ್ಲಿ ಅಮ್ಮಿ, ಒಲೆಯ ಮುಂದಿಂದ ತಿರುಗಿ, ಕೆಳತುಟಿ ಹೀಗೇ ಮುಂದಕ್ಕೆ ಮಾಡಿ, ವಸೀ, ಇಧರ್ ಆ, ಎಂದು ಹತ್ತಿರ ಕರೆಯುತ್ತ — ಎಷ್ಟು ವರ್ಷವಾಯಿತು ಅಮ್ಮಿ ಹೀಗೆ ಬಂದು, ಬಂದಳು, ಹೆದರದೆ ಬಂದಳು, ಕಣ್ಣು ತುಂಬಿ ಗೆರೆ ಮಂಜಾಯಿತು, ಕೈ ನಿಲ್ಲಲಿಲ್ಲ.

ಇದೇನ್ರೀ ಇದು, ಬಾಗಿಲಲ್ಲಿ ಸಿದ್ದಲಿಂಗೇಶ, ಚಂದಾಗಿದ್ದ ಮುಖ ಅಳಿಸಿ ಅವ್ವನ ಬಾಯಿ ತಗಸೀರಲ್ಲ, ಮಂದಿ ನೋಡಿದ್ರ ನಗಂಗಿಲ್ಲೇನು, ಒರಸ್ರಿ ಮೊದ್ಲ. ಒರಸಂಗಿಲ್ಲರೀ ಅಣ್ಣಾರ — ಇದನ್ನು ಯಾರು ಅಂದರು, ನಾನೇ ಅಂದೆನಾ, ಪಾರಿವಾಳದ ರೆಕ್ಕೆ ದೊಡ್ಡದು ಮಾಡಿ ಎಂದರೆ ದೊಡ್ಡದು, ಬಳ್ಳಿಗೆ ಇನ್ನೆರಡು ಹೂ ಎಂದರೆ ಎರಡು ಹೂ, ಈ ಮನೆಗೆ ಎಂದೂ ಇಲ್ಲ ಎಂದವಳಲ್ಲ, ಕುಂಚ ಕೆಳಗಿಡದೆಯೇ ಅಂದಳು, ಅಮ್ಮಾರ ನೋಡ್ಲಿರೀ, ಅವರದ ಮುಖ, ಅವರ ಹೇಳ್ಲಿ. ವೀರಭದ್ರಮ್ಮ ಕಿಟಕಿಯಿಂದ ಬಂದರು, ಸೆರಗಿನಿಂದ ಚಷ್ಮಾ ಒರೆಸಿಕೊಂಡರು, ಕ್ಯಾನ್ವಾಸಿನ ಹತ್ತಿರ, ಇನ್ನೂ ಹತ್ತಿರ, ಸಿದ್ದಲಿಂಗೇಶ ಅವ್ವಾ ಎಂದ, ಅವರು ಕೈಯೆತ್ತಿ ಸುಮ್ಮನಾಗಿಸಿದರು. ಯಾರಿಗೋ ಬೈಯಾಕ ನಿಂತಾಳಲ್ಲೋ ಇಕಿ, ಎಂದರು, ಎಂದು ನಕ್ಕರು, ಹೊಟ್ಟೆ ಅಲುಗುವ ಹಾಗೆ ನಕ್ಕರು, ಇದಕ್ಕ ಹಾರ ಹಾಕಾಕ ಯಾರಿಗರ ಧೈರ್ಯ ಬರತೈತೇನು, ಇರಲಿ ಬಿಡೋ ಸಿದ್ದಾ, ಇದನ್ನ ತೂಗು ಹಾಕು, ನಾ ಇಲ್ಲದಾಗೂ ಆಳುಗಳು ನೆಟ್ಟಗಿರ್ತಾರ. ಸಿದ್ದಲಿಂಗೇಶ ತಾಯಿಯನ್ನು ನೋಡಿದ, ಚಿತ್ರವನ್ನು ನೋಡಿದ, ಸಣ್ಣವನಿದ್ದಾಗ ಹೀಂಗ ಕರೀತಿದ್ಲಲ್ಲ ಊಟಕ್ಕ ಎಂದ, ಮೆಲ್ಲಗೆ, ತನಗೆ ತಾನೇ. ನಾಳೆ ಲಗೂನ ಬಾ ಬೇ, ಮಿಲ್ ಚಾಲೂ ಇರೋವಾಗ, ಎಂದು ವೀರಭದ್ರಮ್ಮ ಕೆಳಗಿಳಿದು ಹೋದರು.

ನಾಳೆ ಕೆನ್ನೆ, ನಾಳಿದ್ದು ಕಣ್ಣು, ಇದು ಮುಗಿದ ಮೇಲೆ ಅಮ್ಮಿ, ಹೌದು ಅಮ್ಮಿಯನ್ನು ಬರೆಯಬೇಕು, ಫೋಟೋ ಮುಂದಿಟ್ಟುಕೊಳ್ಳದೆ, ಒಲೆಯ ಬೆಳಕಿನಲ್ಲಿ, ಅದಕ್ಕಿಂತ ಮೊದಲು ಈ ಬಾಯಿಯೊಳಗಿನ ಕತ್ತಲಿಗೆ ಯಾವ ಬಣ್ಣ, ಕಪ್ಪು ಬೇಡ, ಕಪ್ಪು ಹಾಕಿದರೆ ಮುಚ್ಚಿಹೋಗುತ್ತದೆ, ಕೆಂಪು ಬೇಕು, ಬಿಸಿ ಇರಬೇಕು ಒಳಗೆ, ಉಸಿರಿನ ಬಿಸಿ, ತಟ್ಟೆಯಲ್ಲಿ ಕೆಂಪಿಗೆ ಒಂದಿಷ್ಟು ಕಂದು ಬೆರೆಸಿದಳು, ಕುಂಚ ಎತ್ತಿದಳು, ಕೈ ಗಾಳಿಯಲ್ಲೇ ನಿಂತಿತು — ತೆರೆದ ಬಾಯಿ, ಮುಂದೆ ಬಂದ ಕೆಳತುಟಿ, ಹಲ್ಲಿನ ಹಿಂದೆ ಬಂದು ನಿಂತ ಕೂಗು, ಅಮ್ಮಾರದೂ ಹೌದು ಅಮ್ಮಿಯದೂ ಹೌದು, ತೆರೆದ ಬಾಯಿ.